ಐದಕ್ಕೆ ಐದು

ಐದು ಫ್ರಾಕುಗಳೂ ಚೆನ್ನಾಗಿ ಬಂದಿದ್ದವು. ಅವಳಿಗೆ ಅನುಮಾನ ಹುಟ್ಟಿದ್ದೇ ಅಲ್ಲಿ.

ಊಟದ ಮೇಜಿನ ಮೇಲೆ ಅವನ್ನು ಸಾಲಾಗಿ ಹರಡಿ, ಸೊಂಟದ ಮೇಲೆ ಕೈಯಿಟ್ಟು ನಿಂತಳು. ಒಂದು ಕೆಂಪು, ಒಂದು ಹಳದಿ, ಒಂದು ಚುಕ್ಕೆಯದು, ಎರಡು ಹೂವಿನವು. ಎಲ್ಲವೂ ಎಂಟು ವರ್ಷದ ಹುಡುಗಿಯ ಅಳತೆ. ಕೊರಳು ಗುಂಡಗಿತ್ತು, ನೆರಿಗೆ ಸಮನಾಗಿತ್ತು, ಜೇಬು ಜೇಬಿರಬೇಕಾದ ಕಡೆಯೇ ಇತ್ತು. ಹೊಲಿದವರು ಯಾರು? ಗುಂಡಿ ಕಿತ್ತುಹೋದರೆ ಪಿನ್ನು ಚುಚ್ಚಿಕೊಂಡು ವರ್ಷಗಟ್ಟಲೆ ಓಡಾಡುವ ನಾದಿನಿ, ಮತ್ತು ಆ ವಿದ್ಯೆಯಲ್ಲಿ ಅವಳಿಗೇನೂ ಕಡಿಮೆಯಿಲ್ಲದ ಅವಳ ನಾಲ್ವರು ಗೆಳತಿಯರು. ಹುಡುಕಿ ಹುಡುಕಿ ಅಂಥವರನ್ನೇ ಆರಿಸಿದ್ದಳು.

ಅದಕ್ಕೆ ಕಾರಣವಿತ್ತು. ಆಫೀಸಿನ ಕೆಲಸ ಬಿಟ್ಟು ಬಂದು ಆರು ತಿಂಗಳಾಗಿತ್ತು. ಮನೆಯಲ್ಲೇ ಬಟ್ಟೆ ಹೊಲಿಯುತ್ತ, ಅದರ ಕಾಗದದ ಪ್ಯಾಟರ್ನ್ ಮಾಡಿ ಮಾರುತ್ತೇನೆಂದು ಹೊರಟಿದ್ದಳು. ಬಟ್ಟೆಯ ಮೇಲಿಟ್ಟು ಕತ್ತರಿಸಲು ಅಳತೆಯ ಹಾಳೆಗಳು, ಜೊತೆಗೆ ಹದಿನಾಲ್ಕು ಹೆಜ್ಜೆಗಳ ವಿವರಣೆ. ಸೂಜಿ ಮುಟ್ಟದವರೂ ಅದನ್ನು ನೋಡಿಕೊಂಡು ಫ್ರಾಕು ಹೊಲಿಯಬೇಕು ಎಂಬುದು ಅವಳ ಹಟ. ಗಂಡ "ನೋಡೋಣ" ಎಂದಿದ್ದ. ಅತ್ತೆ ನಿಟ್ಟುಸಿರು ಬಿಟ್ಟಿದ್ದರು. ಬೀದಿಯ ಕೊನೆಯ ಟೈಲರ್ ಮಾತ್ರ ನಗು ತಡೆಯಲಾರದೆ ಹೋಗಿದ್ದ.

"ಹೊಲಿಗೆ ಅನ್ನೋದು ಕೈಯಿಂದ ಕೈಗೆ ಬರ್ಬೇಕು ಕಣಮ್ಮ. ಕಾಗದ ಓದಿ ಈಜು ಕಲಿತೋರು ಯಾರಾದ್ರೂ ಇದ್ದಾರಾ?"

ಆ ಮಾತು ಅವಳಿಗೆ ಚುಚ್ಚಿತ್ತು. ಅಂದೇ ಮನೆಯವರೆಲ್ಲರ ಎದುರು ಹೇಳಿಬಿಟ್ಟಿದ್ದಳು: ಹೊಲಿಗೆ ಬಾರದ ಕೈಯಲ್ಲಿ ಐದು ಫ್ರಾಕು ಹೊಲಿಸುತ್ತೇನೆ, ಮೂರು ಸರಿಬಂದರೆ ಪ್ಯಾಟರ್ನ್ ಅಚ್ಚಿಗೆ ಹೋಗುತ್ತದೆ, ಇಲ್ಲದಿದ್ದರೆ ನಾನು ಹಳೆಯ ಆಫೀಸಿಗೆ. ಅಲ್ಲಿನ ಮ್ಯಾನೇಜರ್ ಅವಳ ಕುರ್ಚಿಯನ್ನು ಸೋಮವಾರದವರೆಗೆ ಖಾಲಿ ಇಡುವುದಾಗಿ ಒಪ್ಪಿದ್ದ. ಇವತ್ತು ಶನಿವಾರ.

ಮೂರಲ್ಲ, ಐದೂ ಸರಿಬಂದಿವೆ. ಕುಣಿದಾಡಬೇಕಾದವಳು ಕೆಂಪು ಫ್ರಾಕನ್ನು ಎತ್ತಿ ಒಳಹೊರಗು ಮಾಡಿದಳು. ಜೇಬಿನ ಸುತ್ತ ಸೂಜಿ ಚುಚ್ಚಿದ ಸಣ್ಣ ತೂತುಗಳು. ಹೊಲಿದು, ಬಿಚ್ಚಿ, ಮತ್ತೆ ಹೊಲಿದ ಗುರುತು. ಪಾಪ, ಯಾರೋ ನಿಜವಾಗಿ ಕಷ್ಟಪಟ್ಟಿದ್ದಾರೆ ಎಂದುಕೊಳ್ಳುವಷ್ಟರಲ್ಲಿ ಅಡಿಯ ದಾರ ಕಣ್ಣಿಗೆ ಬಿತ್ತು. ಬೂದಿ ಬಣ್ಣ. ಹಳದಿಯದನ್ನು ತಿರುಗಿಸಿದಳು. ಅಲ್ಲೂ ಬೂದಿ. ಚುಕ್ಕೆಯದು, ಹೂವಿನವು, ಎಲ್ಲಕ್ಕೂ ಒಂದೇ ಬೂದಿ ದಾರ.

ಬಟ್ಟೆ ಯಾವ ಬಣ್ಣದ್ದಿರಲಿ, ಅಡಿಯಲ್ಲಿ ಬೂದಿ ದಾರವನ್ನೇ ಹಾಕುವ ಮೆಷಿನ್ನು ಆ ಬೀದಿಯಲ್ಲಿ ಒಂದೇ ಒಂದಿತ್ತು, ಟೈಲರನದು.

"ಈ ಫ್ರಾಕುಗಳೆಲ್ಲ ಎಲ್ಲಿ ಹೊಲಿದಿದ್ದೋ!" ಎಂದು ಗೋಡೆಗೆ ಹೇಳುವವಳಂತೆ ಹೇಳಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನಾದಿನಿಯದು. ಅಲ್ಲೇ ಕಾಫಿ ಕುಡಿಯುತ್ತ ಕೂತಿದ್ದವಳು ಲೋಟ ಕೆಳಗಿಟ್ಟಳು.

"ಅತ್ತಿಗೆ, ಬೈಬೇಡಿ. ಹದಿನೈದು ದಿನದ ಹಿಂದೆ ಕತ್ತರಿ ಹಿಡಿದೆ, ಎಲ್ಲಿ ಬಟ್ಟೆ ಹಾಳು ಮಾಡ್ಬಿಡ್ತೀನೋ ಅನ್ನಿಸ್ತು. ಟೈಲರ್ ಅಂಗಡೀಗೆ ಹೋದೆ. ಅವ್ರ ಹೆಂಡ್ತಿ ಇದ್ರು. ಬಟ್ಟೆ, ನಿಮ್ಮ ಕಾಗದ ಎಲ್ಲಾ ಅವ್ರ ಕೈಲಿ ಕೊಟ್ಟು ಬಂದ್ಬಿಟ್ಟೆ."

"ನಿನ್ನ ಗೆಳತಿಯರು?"

"ನಾನು ಹೋಗೋ ಹೊತ್ತಿಗೆ ಅವ್ರ ನಾಲ್ಕು ಬಟ್ಟೇನೂ ಅಲ್ಲೇ ಇದ್ವು."

ಆರು ತಿಂಗಳು ಗೆರೆ ಎಳೆದು, ಅಳಿಸಿ, ಮತ್ತೆ ಎಳೆದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು. ಐದಕ್ಕೆ ಸೊನ್ನೆ. ಅಳು ಬಂತು, ಅದರ ಹಿಂದೆಯೇ ಸಿಟ್ಟು ಬಂತು. ಫ್ರಾಕುಗಳನ್ನು ಚೀಲಕ್ಕೆ ತುರುಕಿಕೊಂಡು ಬೀದಿಯ ಕೊನೆಗೆ ನಡೆದಳು.

ಅಂಗಡಿಯ ಮುಂದೆ ಟೈಲರನ ಹೆಂಡತಿ ಓಡಿಸುವ ಶಾಲೆಯ ವ್ಯಾನು ನಿಂತಿತ್ತು. ಒಳಗೆ ಬಟ್ಟೆಯ ರಾಶಿಯ ಹಿಂದೆ ಟೈಲರನ ತಲೆ ಮಾತ್ರ ಕಾಣುತ್ತಿತ್ತು. ಇವಳು ಚೀಲವನ್ನು ಮೇಜಿನ ಮೇಲೆ ಸುರಿದಳು.

"ಗೆದ್ರಿ ಬಿಡಿ, ಟೈಲರಣ್ಣ. ಸೋಮವಾರದಿಂದ ನಾನು ಆಫೀಸಿಗೆ ಹೋಗ್ತೀನಿ. ಆದ್ರೆ ಗೊತ್ತಿದ್ದೂ ಗೊತ್ತಿದ್ದೂ ಹೀಗೆ ಮಾಡಬಹುದಾ?"

ಟೈಲರ್ ಫ್ರಾಕುಗಳ ಕಡೆ ನೋಡಿದ. ಅವನ ಮೀಸೆಯಡಿ ನಗು ಸುಳಿಯಿತು.

"ಇದ್ರಲ್ಲಿ ನನ್ನ ಕೈ ಇಲ್ಲಮ್ಮ."

"ಸುಳ್ಳು ಹೇಳ್ಬೇಡಿ. ನಿಮ್ಮ ಮೆಷಿನ್ನು, ನಿಮ್ಮ ದಾರ."

"ಮೆಷಿನ್ನು ನಂದೇ. ದಾರಾನೂ ನಂದೇ."

"ಮತ್ತೆ?"

ಟೈಲರ್ ಎದ್ದು ನಿಂತ. ಬೆರಳಿಂದ ಮೊಣಕೈವರೆಗೆ ಬಲಗೈಗೆ ಬಿಳಿ ಪ್ಲಾಸ್ಟರ್ ಹಾಕಿತ್ತು.

"ಜಾರಿ ಬಿದ್ದು ಇವತ್ತಿಗೆ ತಿಂಗಳಾಯ್ತು. ಗಿರಾಕಿಗಳಿಗೆ ಗೊತ್ತಾದ್ರೆ ಬೇರೆ ಕಡೆ ಹೋಗ್ತಾರೆ ಅಂತ ಯಾರಿಗೂ ಹೇಳಿಲ್ಲ. ಈ ಬಟ್ಟೆಗಳನ್ನೂ ವಾಪಸ್ ಕೊಡು ಅಂತ ಬಡ್ಕೊಂಡೆ, ಕೇಳ್ಲಿಲ್ಲ."

"ಯಾರು?"

ಒಳಗಿನ ಪರದೆ ಸರಿಯಿತು. ಒಂದು ಕೈಯಲ್ಲಿ ವ್ಯಾನಿನ ಕೀಲಿ, ಇನ್ನೊಂದರಲ್ಲಿ ಮಡಚಿ ಮಡಚಿ ಮೆತ್ತಗಾದ ಆ ಹದಿನಾಲ್ಕು ಹೆಜ್ಜೆಗಳ ಹಾಳೆ ಹಿಡಿದು ಟೈಲರನ ಹೆಂಡತಿ ಹೊರಗೆ ಬಂದಳು.

"ಸೂಜಿಗೆ ದಾರ ಪೋಣಿಸೋಕೂ ಬರ್ತಿರ್ಲಿಲ್ಲ ನಂಗೆ, ಇದನ್ನ ಓದ್ಕೊಂಡೇ ಐದೂ ಹೊಲಿದೆ, ಆ ಒಂಬತ್ತನೇ ಹೆಜ್ಜೆ ಮಾತ್ರ ಸ್ವಲ್ಪ ಬಿಡಿಸಿ ಬರೀರಿ, ಕೆಂಪು ಫ್ರಾಕಿನ ಜೇಬು ಎರಡು ಸಲ ಬಿಚ್ಚೋ ಹಾಗಾಯ್ತು!"