ನೀಲಿ ಸ್ಪ್ರಿಂಗು

ಅಂದು ವಾಕಿಂಗ್ ಬೇಗ ಮುಗಿಸಿ ಬಂದ ಮನೆ ಮಾಲೀಕರು, ಮಹಡಿಯ ಮೆಟ್ಟಿಲು ಹತ್ತುವ ಬದಲು ಕೆಳಮನೆಯ ಬಾಗಿಲಲ್ಲಿ ನಿಂತು ಗುಡುಗಿದರು.

"ನಿಮ್ಮ ಬೆಕ್ಕನ್ನ ಸಂಜೆಯೊಳಗೆ ಆಚೆ ಹಾಕಿ. ಇಲ್ಲಾಂದ್ರೆ ಮನೆ ಖಾಲಿ ಮಾಡಿ."

ಬಾಡಿಗೆಗಿದ್ದ ಹೆಂಗಸು ತಲೆ ಎತ್ತಲಿಲ್ಲ. ತ್ರೀಡಿ ಪ್ರಿಂಟರಿನಲ್ಲಿ ಕೀಚೈನ್ ಮಾಡಿ ಉಳಿದ ಪ್ಲಾಸ್ಟಿಕ್ ಎಳೆಯನ್ನು ಪೆನ್ಸಿಲಿಗೆ ಬಿಗಿಯಾಗಿ ಸುತ್ತಿ, ಕುದಿಯುವ ನೀರಿನಲ್ಲಿ ಅದ್ದಿ, ತಣ್ಣೀರಿಗೆ ಹಾಕಿದಳು. ಪೆನ್ಸಿಲು ಎಳೆದೊಡನೆ ನೀಲಿ ಸ್ಪ್ರಿಂಗೊಂದು ಮೇಜಿನ ಮೇಲೆ ಕುಣಿಯಿತು.

"ನನ್ನ ಮನೇಲಿ ಬೆಕ್ಕಿಲ್ಲ ಸಾರ್."

"ಮತ್ತೆ ಈ ಆಟದ ಸಾಮಾನು ಯಾರಿಗೆ? ಮೆಟ್ಟಿಲ ತುಂಬ ಇವೇ ಬಿದ್ದಿರ್ತವೆ. ಒಗೆದಿಟ್ಟ ಪಂಚೆ ಮೇಲೆಲ್ಲ ಬೆಕ್ಕಿನ ಕೂದಲು!"

"ಬೆಕ್ಕಿಗೇ ಮಾಡ್ತಿರೋದು. ಆದ್ರೆ ಬೆಕ್ಕು ನನ್ನದಲ್ಲ."

"ಯಾರದು, ಹೇಳಿ."

"ಹೇಳಲ್ಲ."

"ನನ್ನ ಮನೇಲಿದ್ದು ನನಗೇ ಎದುರುತ್ತರಾನಾ?"

"ಒಳಗೆ ಬಂದು ಹುಡುಕಿ. ಸಿಕ್ಕಿದ್ರೆ ಈಗಲೇ ಗಂಟುಮೂಟೆ ಕಟ್ತೀನಿ. ಸಿಗದಿದ್ರೆ ಇನ್ನೊಂದು ಸಲ ಈ ಮಾತು ಎತ್ತಬಾರದು."

ಅವರು ಮಂಚದಡಿ ಬಗ್ಗಿದರು, ಪರದೆ ಸರಿಸಿದರು, ಅಟ್ಟಕ್ಕೂ ಇಣುಕಿದರು. ಬೆಕ್ಕಿನ ಬಾಲವೂ ಸಿಗಲಿಲ್ಲ. ಅವಳು ಅವರ ಕಣ್ಣೆದುರೇ ಇನ್ನೊಂದು ಎಳೆಯನ್ನು ಪೆನ್ಸಿಲಿಗೆ ಸುತ್ತತೊಡಗಿದಳು.

ಅಷ್ಟರಲ್ಲಿ ಮಹಡಿಯಿಂದ ಮಾಲೀಕರ ಹೆಂಡತಿಯ ಕೂಗು ಕೇಳಿಸಿತು:

"ನೀಲಿದು ಬೀರು ಕೆಳಗೆ ಹೋಗ್ಬಿಡ್ತು ಕಣಮ್ಮಾ! ನಮ್ಮನೆಯವರು ವಾಕಿಂಗಿಂದ ಬರೋದ್ರೊಳಗೆ ಇನ್ನೊಂದು ಕೊಟ್ಬಿಡು, ಇದು ಅವರ ದಿಂಬು ಬಿಟ್ಟು ಏಳ್ತಾನೇ ಇಲ್ಲ!"