ಸೋಮವಾರದ ಕೈ

ಚೌಕಟ್ಟಿನಲ್ಲಿ ಕಟ್ಟಿದ್ದ ಎತ್ತಿನ ಮೇಲೆ ಮುಂಗಾಲು ಎತ್ತಿದ ಹೋರಿ ಏರದೆ ಹಿಂದಕ್ಕಿಳಿಯಿತು. ಬೆಳಗಿನಿಂದ ಇದು ಮೂರನೇ ಸಲ. ವೀರ್ಯ ಸಂಗ್ರಹದ ಕೊಳವೆ ಹಿಡಿದು ಬಗ್ಗಿದ್ದ ಡಾಕ್ಟರ್ ಭುವನೇಶ್ವರಿ ಬೆನ್ನು ನೆಟ್ಟಗೆ ಮಾಡಿದಳು. "ಕಾಕಾ, ಹೋದ ಮೂರು ವಾರನೂ ಇದೇ ಹಣೇಬರಹ. ಇವತ್ತೂ ಕೊಡಲಿಲ್ಲಂದ್ರ ನಾಳೆ ನಿಮ್ಮ ಶಂಭೂನ್ನ ಹರಾಜಿಗೆ ಹಾಕ್ತಾರ. ಖಜೂರಿ ಹತ್ರ ರಾಜ್ಯದ ಗಡಿ ದಾಟಿದ ಮ್ಯಾಲ ಅದು ಯಾವ ಕಸಾಯಿಖಾನಿಗೆ ಹೋಗತೈತೋ, ನಾ ಹೇಳಂಗಿಲ್ಲ."

"ಹಂಗನಬ್ಯಾಡ್ರಿ ಮೇಡಂ," ಎಂದ ಹೋರಿಯ ಹಗ್ಗ ಹಿಡಿದು ನಿಂತಿದ್ದ ಮಾಳಿಂಗಪ್ಪ. ತಾಯಿ ಸತ್ತ ಕರುವಿಗೆ ಬಾಟಲಿ ಹಾಲು ಕುಡಿಸಿ ಅವನೇ ಬೆಳೆಸಿದ ಹೋರಿ ಅದು. "ಇದರ ಪಾಳಿ ಮಂಗಳವಾರ ಇದ್ದಾಗ ಒಂದ್ ಸಲನಾದ್ರೂ ತಪ್ಪಿಸಿತ್ತೇನ್ರಿ? ಪಟ್ಟಿ ಬದಲಿ ಮಾಡಿ ಸೋಮವಾರ ಹಚ್ಚಿದ್ರಿ. ಅದು ಬಸವಣ್ಣನ ವಾರ ನೋಡ್ರಿ. ಹೊಲದಾಗೂ ಅವತ್ತು ಎತ್ತಿನ ಹೆಗಲಿಗೆ ನೊಗ ಇಡಂಗಿಲ್ಲ. ಅದಕ್ಕೂ ತಿಳೀತೈತ್ರಿ."

"ಕ್ಯಾಲೆಂಡರ್ ಓದಾಕ ಬರತೈತೇನು ನಿಮ್ಮ ಶಂಭೂಗ?" ಎಂದು ನಕ್ಕವಳ ಕಣ್ಣು ಅವನ ಕೈ ಮೇಲೆ ಬಿತ್ತು. ಮೂಗುದಾರದ ಹಗ್ಗವನ್ನು ಅವನು ಅಂಗೈಗೆ ಎರಡು ಸುತ್ತು ಬಿಗಿದುಕೊಂಡಿದ್ದ. "ಕಾಕಾ, ಹೋರಿ ಏರುವಾಗ ಹಗ್ಗ ಸಡಿಲ ಬಿಡಬೇಕು. ನೀವು ಜಗ್ಗಾಕತ್ತೀರಿ. ಒಲ್ಲೆ ಅನ್ನಾಕತ್ತಿದ್ದು ಅದಲ್ಲ, ನೀವು."

ಮಾಳಿಂಗಪ್ಪ ಕೈ ನೋಡಿಕೊಂಡ. ಜಗ್ಗಿದ್ದೇ ಅವನಿಗೆ ಗೊತ್ತಿರಲಿಲ್ಲ. ಅವನನ್ನು ಕೇಳದೆಯೇ ಆ ಕೈ ನಾಲ್ಕು ಸೋಮವಾರ ವ್ರತ ಹಿಡಿದಿತ್ತು. ಶಂಭು ಮತ್ತೆ ತಲೆ ಎತ್ತಿತು. "ಪಾಪ ನನಗಿರಲಿ ತಂದೆ," ಎನ್ನುತ್ತ ಅವನು ಅಂಗೈಯ ಸುತ್ತುಗಳನ್ನು ಬಿಚ್ಚಿ, ಹಗ್ಗವನ್ನು ಸಡಿಲ ಬಿಟ್ಟು, ಹೋರಿಯ ಮುಖ ನೋಡಲಾರದೆ ಕಣ್ಣು ಮುಚ್ಚಿಕೊಂಡ.