ಜೇನಿಗೆ ಹೇಳಿದ ಸುದ್ದಿ

ಹೆಸ್ಟರ್ ಬೀಗದ ಕೈಯಿಂದ ಜೇನುಗೂಡನ್ನು ಮೂರು ಸಲ ಮೆಲ್ಲಗೆ ತಟ್ಟಿದಳು. ಆಮೇಲೆ ಬಗ್ಗಿ, ಗೂಡಿನ ಬಾಯಿಯ ಹತ್ತಿರ ಮುಖ ತಂದು ಹೇಳಿದಳು.

"ನಿಮ್ಮ ಯಜಮಾನ್ರು ತೀರ್ಕೊಂಡ್ರು ಕಣ್ರಪ್ಪಾ. ಗೂಡು ಬಿಟ್ಟು ಹೋಗ್ಬೇಡಿ. ಇನ್ಮೇಲೆ ನಿಮಗೆ ನಾನೇ ಎಲ್ಲಾ."

ಬೇಲಿಯ ಆಚೆ ನಿಂತಿದ್ದ ಅವಳ ಗಂಡ ಅಮೋಸ್ ಥ್ರಪ್ ಅದನ್ನು ಕೇಳಿಸಿಕೊಂಡ. ಅವನು ಗುಂಡುಕಲ್ಲಿನ ಹಾಗಿದ್ದ. ಪೇಟೆಯಲ್ಲಿ ಹಂದಿ ಮಾರಿ, ಎರಡು ದಿನ ತಂಗಿಯ ಮನೆಯಲ್ಲಿ ಉಂಡು ಮಲಗಿ, ಹೊಲದ ಅಡ್ಡದಾರಿ ಹಿಡಿದು ಈಗಷ್ಟೇ ಬಂದಿದ್ದ.

ನಮ್ಮೂರು ಹ್ಯಾನ್‌ಸ್ಟೋಕ್‌ನಲ್ಲಿ ಸಾವಿನ ಸುದ್ದಿ ಪಾದ್ರಿಗಿಂತ ಮೊದಲು ಜೇನಿಗೆ ಮುಟ್ಟಬೇಕು. ಮನೆಯ ಮುಂಬಾಗಿಲಿನ ಬೀಗದ ಕೈಯಿಂದಲೇ ಗೂಡು ತಟ್ಟಬೇಕು, ಮೇಲೊಂದು ಕಪ್ಪು ಬಟ್ಟೆ ಕಟ್ಟಬೇಕು. ಹೇಳದೆ ಹೋದರೆ ಜೇನು ಮುನಿಸಿಕೊಂಡು ಎದ್ದುಹೋಗುತ್ತದೆ. ಸುಳ್ಳು ಹೇಳಿದರಂತೂ ಹೇಳಿದವರ ಮನೆ ಉಳಿಯುವುದಿಲ್ಲ. ಇದನ್ನು ಕೇಳಿ ನಗುವವರು ನಮ್ಮೂರಲ್ಲೂ ಇದ್ದಾರೆ. ತಮ್ಮ ಮನೆಯಲ್ಲಿ ಹೆಣ ಬಿದ್ದ ದಿನ ಅವರೇ ಎಲ್ಲರಿಗಿಂತ ಮೊದಲು ಹಿತ್ತಲಿಗೆ ಓಡುತ್ತಾರೆ.

ಆ ಮನೆಯಲ್ಲಿದ್ದವರು ಇಬ್ಬರೇ. ಹೆಸ್ಟರ್ ಕಣ್ಣೆದುರಿಗೇ ಇದ್ದಳು. ಇನ್ನು ಸಾಯಬೇಕಾದವನು ಯಾರು? ಜೇನಿಗೆ ಮುಂಗಡವಾಗಿ ಹೇಳಿಟ್ಟಿದ್ದಾಳೆ ಎಂದುಕೊಂಡ ಅಮೋಸ್.

ಅವಳ ಮೇಲೆ ಅವನಿಗೆ ಮೊದಲಿಂದಲೂ ಪೂರ್ತಿ ನಂಬಿಕೆ ಇರಲಿಲ್ಲ. ಹೆಸ್ಟರ್‌ಗೆ ಅವನು ಎರಡನೆಯ ಗಂಡ. ಮೊದಲನೆಯವನು ಸೈಲಸ್. ಒಂದು ಬೆಳಗ್ಗೆ ಮಾತಿಲ್ಲ ಕತೆಯಿಲ್ಲ, ಮನೆಯ ಬೀಗದ ಕೈಯನ್ನೂ ಜೇಬಿಗೆ ಹಾಕಿಕೊಂಡು ಕೆನಡಾಕ್ಕೆ ಹೊರಟುಹೋದ ಪುಣ್ಯಾತ್ಮ. ರೈಲು ಹತ್ತಿಸಿ ಬಂದೆ ಎಂದು ಹೇಳಿದವನು ಅಮೋಸ್. ಅಳುತ್ತ ಕೂತವಳಿಗೆ ಸಮಾಧಾನ ಹೇಳಿದವನೂ ಅವನೇ. ಏಳು ವರ್ಷ ಕಾದು ಅವಳು ಅಮೋಸ್‌ನನ್ನು ಮದುವೆಯಾದಳು. ಮನೆ, ತೋಟ, ಜೇನು ಎಲ್ಲವೂ ಅವನಿಗೆ ಒಲಿದು ಬಂತು. ಜೇನು ಮಾತ್ರ ಅವನನ್ನು ಕಂಡರೆ ಕಚ್ಚುತ್ತಿತ್ತು.

ನೇರವಾಗಿ ಮನೆಯೊಳಗೆ ಹೋಗಲು ಧೈರ್ಯ ಸಾಲಲಿಲ್ಲ. ಒಂದು ಗ್ಲಾಸು ಬಿಯರ್ ಇಳಿದರೆ ಬುದ್ಧಿ ಓಡೀತು ಎಂದು ಪಬ್ಬಿನ ಕಡೆ ತಿರುಗಿದ. ಚರ್ಚಿನ ಗೋಡೆಯ ಪಕ್ಕ ಬಾತುಕೋಳಿಗಳು ದಾರಿಗಡ್ಡ ನಿಂತು ಕಿರುಚುತ್ತಿದ್ದವು. ಕಾಲಿನಿಂದ ತಳ್ಳಿಕೊಂಡು ಮುಂದೆ ಹೋದ.

ಎರಡು ಪಬ್ಬುಗಳಿರುವಷ್ಟು ದೊಡ್ಡ ಊರು ನಮ್ಮದು. ಆದರೂ ಒಂದು ಮನೆಯಲ್ಲಿ ಕೆಮ್ಮಿದರೆ ಹತ್ತು ಮನೆಗೆ ಕೇಳುತ್ತದೆ. ಅಮೋಸ್ ಕಾಲಿಟ್ಟಾಗ ಪಬ್ಬಿನಲ್ಲಿದ್ದ ಮಾತೆಲ್ಲ ನಿಂತುಹೋಯಿತು.

ಬೇರೆ ದಿನವಾಗಿದ್ದರೆ ಪಬ್ಬಿನ ಮಾಲೀಕ ಎನಕ್ "ಬನ್ನಿ ಬನ್ನಿ, ಬಾತುಕೋಳಿಗಳ ವಕೀಲ್ರು!" ಎಂದು ಕೂಗುತ್ತಿದ್ದ. ಊರ ಕೊಳದ ಹೂಳೆತ್ತಬೇಕು ಎಂದು ಸಭೆಯಲ್ಲಿ ಮಾತು ಬಂದಾಗ ಅಮೋಸ್ ಎದ್ದು ನಿಂತು "ಪಾಪ, ಬಾತುಗಳು ಎಲ್ಲಿಗೆ ಹೋಗ್ಬೇಕು?" ಎಂದು ಜಗಳವಾಡಿದ್ದ. ಕೆಲಸ ಸುಗ್ಗಿಯಾಚೆಗೆ ಹೋಯಿತು, ಹೆಸರು ಅವನಿಗೆ ಅಂಟಿಕೊಂಡಿತು.

ಇವತ್ತು ಎನಕ್ ಹಾಗೆ ಕರೆಯಲಿಲ್ಲ. ಗ್ಲಾಸು ಒರೆಸುತ್ತಲೇ ಇದ್ದ.

"ಏನಯ್ಯಾ, ನಾನೇನು ಸತ್ತುಹೋಗಿದೀನಾ, ಎಲ್ರೂ ಹಿಂಗೆ ನೋಡ್ತೀರಲ್ಲ?" ಎಂದು ಅಮೋಸ್ ನಗಲು ನೋಡಿದ.

ಮೂಲೆಯಲ್ಲಿ ಒಬ್ಬ ಮುದುಕ ತಲೆಯ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಮನೆಗೆ ಹೋಗು ಅಮೋಸ್," ಎಂದ ಎನಕ್. "ಹೆಸ್ಟರ್ ಕಾಯ್ತಾ ಇದಾಳೆ."

"ಬಿಯರ್ರು?"

"ಇವತ್ತು ನಿನಗಿಲ್ಲ."

ಅಂದರೆ ಊರಿಗೆಲ್ಲ ಗೊತ್ತು! ಕೂಡಿ ಕುಡಿದವರು, ಕೂಡಿ ಕ್ರಿಕೆಟ್ ಆಡಿದವರು, ಅವನ ಹೆಣ ಬೀಳುವುದನ್ನು ಕಾಯುತ್ತ ಕೂತಿದ್ದಾರೆ. ಹೊರಗೆ ಬಂದು ಜೇಬು ಮುಟ್ಟಿ ನೋಡಿಕೊಂಡ. ಮನೆಯ ಬೀಗದ ಕೈ ಅಲ್ಲೇ ಇತ್ತು. ತಾನೇ ಮಾಡಿಸಿದ್ದು, ಮನೆಗಿದ್ದದ್ದು ಅದೊಂದೇ, ಎಲ್ಲಿಗೆ ಹೋದರೂ ಅದನ್ನು ಬಿಟ್ಟು ಹೋಗುವವನಲ್ಲ. ಅವಳನ್ನು ಒಳಗೆ ಹಾಕಿ ಬೀಗ ಜಡಿದು ನಿಜ ಬಾಯಿ ಬಿಡಿಸುತ್ತೇನೆ ಎಂದುಕೊಂಡು ಮನೆಗೆ ನಡೆದ.

ಮೇಜಿನ ಮೇಲೆ ಒಂದೇ ಒಂದು ಕಪ್ ಟೀ ಇತ್ತು. ಹೆಸ್ಟರ್ ಕರಿ ಬಟ್ಟೆ ಉಟ್ಟಿದ್ದಳು.

"ಕೂತ್ಕೊಳ್ಳಿ. ದಣಿದು ಬಂದಿದೀರಿ."

"ನೀನು ಮೊದ್ಲು ಕುಡಿ."

ಅವಳು ಕಪ್ ಎತ್ತಿಕೊಂಡಳು. ಅವನ ಮುಖದಿಂದ ಕಣ್ಣು ತೆಗೆಯದೆ ಪೂರ್ತಿ ಕುಡಿದು ಕೆಳಗಿಟ್ಟಳು. ಅವಳಿಗೆ ಏನೂ ಆಗಲಿಲ್ಲ. ಅಮೋಸ್‌ಗೆ ಹೋದ ಜೀವ ಬಂದಂತಾಯಿತು, ಜೊತೆಗೇ ಸಿಟ್ಟು ನೆತ್ತಿಗೇರಿತು.

"ಜೇನಿಗೆ ಸುಳ್ಳು ಹೇಳಿದ್ರೆ ಮನೆ ಹಾಳಾಗತ್ತೆ ಅಂತ ಗೊತ್ತಿಲ್ವೇನೇ ನಿಂಗೆ? ಬೇಲಿ ಹಿಂದೆ ನಿಂತು ಎಲ್ಲಾ ಕೇಳಿಸ್ಕೊಂಡೆ. ನಾನಿನ್ನೂ ಬದುಕಿದೀನಿ!"

"ಸುಳ್ಳು ಹೇಳಿಲ್ಲ," ಎಂದಳು ಹೆಸ್ಟರ್. "ಆ ಜೇನಿಗೆ ನೀವು ಯಾವತ್ತು ಯಜಮಾನ್ರಾಗಿದ್ರಿ?"

ಅಮೋಸ್‌ನ ಕೈ ತಾನಾಗಿ ಜೇಬಿಗೆ ಹೋಯಿತು. ಅವನ ಬೀಗದ ಕೈ ಇಲ್ಲೇ ಇದೆ. ಹಾಗಾದರೆ ಅವಳು ಗೂಡು ತಟ್ಟಿದ್ದು ಯಾವುದರಿಂದ?

ಹೊರಗೆ ಗೇಟು ಕಿರ್ರೆಂದಿತು. ಭಾರವಾದ ಬೂಟುಗಳು ಅಂಗಳ ದಾಟಿ ಬರುತ್ತಿದ್ದವು.

"ನಿನ್ನೆ ಕೊಳ ಬತ್ತಿಸಿದ್ರು," ಎಂದಳು ಹೆಸ್ಟರ್. "ಕೂಲಿಯವ್ರು ಮುಂಚೆಯೇ ಸಿಕ್ಕಿದ್ರಂತೆ, ಸುಗ್ಗಿ ತನಕ ಕಾಯ್ಲಿಲ್ಲ."

ಅವಳು ಮೇಜಿನ ಮೇಲಿಟ್ಟದ್ದು ಸೈಲಸ್ ಕೆನಡಾಕ್ಕೆ ಒಯ್ದಿದ್ದ ಬೀಗದ ಕೈ. ಅದರ ಹಲ್ಲುಗಳ ನಡುವೆ ಊರ ಕೊಳದ ಕೆಸರು ಇನ್ನೂ ಒಣಗಿರಲಿಲ್ಲ.